ಬೆವರು ಸುರಿದರೆ ಸಾಲದು, ಆರಬೇಕು

ಚಳಿಗಾಲದ ಬೆಳಗಿನಲ್ಲಿಯೂ ಹತ್ತು ನಿಮಿಷ ಬಿರುಸಾಗಿ ನಡೆದರೆ ಸ್ವೆಟರ್ ಬಿಚ್ಚಬೇಕೆನಿಸುತ್ತದೆ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಕೆಲಸಕ್ಕೆ ಸಲ್ಲುವುದು ಸುಮಾರು ಕಾಲು ಭಾಗ ಮಾತ್ರ, ಉಳಿದುದೆಲ್ಲ ಶಾಖವಾಗಿಬಿಡುತ್ತದೆ. 60 ಕಿಲೋ ತೂಕದವರ ಮೈ ಬಿಸಿ 1 ಡಿಗ್ರಿ ಸೆಲ್ಸಿಯಸ್ ಏರಲು ಸುಮಾರು 50 ಕಿಲೋಕ್ಯಾಲರಿ ಸಾಕು. ಈ ಶಾಖ ಹೊರಹೋಗದಿದ್ದರೆ ಅರ್ಧ ಗಂಟೆಯ ಬಿರುಸು ನಡಿಗೆಗೇ ನಿಮಗೆ ಜ್ವರ ಬಂದಷ್ಟು ಮೈ ಸುಡಬೇಕಿತ್ತು.

ಹಾಗಾಗದಂತೆ ಕಾಯುವುದು ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್. ದೇಹದ ಉಷ್ಣತೆ 37 ಡಿಗ್ರಿಯ ಆಸುಪಾಸಿನಿಂದ ಮೇಲೇರತೊಡಗಿದೊಡನೆ ಅದರ ಆಜ್ಞೆಯಂತೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರು ಬರುತ್ತದೆ. ಬೆವರು ಸುರಿದ ಮಾತ್ರಕ್ಕೆ ಮೈ ತಂಪಾಗದು. ಅದು ಚರ್ಮದ ಮೇಲೆ ಆರಬೇಕು. 1 ಲೀಟರ್ ಬೆವರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ. ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಗಾಳಿಯೇ ತೇವವಾಗಿರುವುದರಿಂದ ಬೆವರು ಆರದೆ ತೊಟ್ಟಿಕ್ಕುತ್ತದೆ, ಮೈ ತಂಪಾಗುವುದಿಲ್ಲ.

ತೂಕ ಇಳಿಸಲೆಂದು ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಓಡುವವರು ಈ ಸೆಕೆಯನ್ನು ತಾವಾಗಿಯೇ ಮೈಮೇಲೆ ತಂದುಕೊಳ್ಳುತ್ತಾರೆ. ಅವರು ಕಳೆದುಕೊಳ್ಳುವುದು ಕೊಬ್ಬನ್ನಲ್ಲ, ನೀರನ್ನು; ಎರಡು ಚೊಂಬು ನೀರು ಕುಡಿದರೆ ಇಳಿದ ತೂಕ ಮರಳಿ ಬರುತ್ತದೆ! ಬೆವರಿ ನೀರು ಕಡಿಮೆಯಾದಷ್ಟೂ ರಕ್ತದ ಪ್ರಮಾಣ ತಗ್ಗುತ್ತದೆ. ಇದ್ದ ರಕ್ತಕ್ಕೆ ಸ್ನಾಯು ಮತ್ತು ಚರ್ಮ ಎರಡೂ ಪೈಪೋಟಿ ನಡೆಸುತ್ತವೆ, ಹೃದಯ ಇನ್ನಷ್ಟು ವೇಗವಾಗಿ ಬಡಿಯಬೇಕಾಗುತ್ತದೆ. 1997ರ ಕೊನೆಯ ಎರಡು ತಿಂಗಳಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವ ಯತ್ನದಲ್ಲಿ ಸತ್ತರು. ಮೂವರೂ ಗಾಳಿಯಾಡದ ಉಡುಪು ತೊಟ್ಟು, ನೀರು ಕುಡಿಯುವುದನ್ನು ಕಡಿಮೆ ಮಾಡಿ, ಬಿಸಿಯ ವಾತಾವರಣದಲ್ಲಿ ಕಸರತ್ತು ಮಾಡಿದ್ದರು. ಮರುವರ್ಷ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಇಂಥ ಉಡುಪನ್ನು ನಿಷೇಧಿಸಿತು.

ಆದ್ದರಿಂದ ಸಡಿಲವಾದ ತೆಳು ಬಟ್ಟೆ ಧರಿಸಿ. ಬೇಸಿಗೆಯ ಬಿಸಿಲಿಗೆ ದೇಹ ಒಗ್ಗಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ವ್ಯಾಯಾಮ ಹಗುರವಾಗಿರಲಿ. ಬಾಯಾರಿದಾಗ ನೀರು ಕುಡಿಯಿರಿ, ಆದರೆ ಲೀಟರುಗಟ್ಟಲೆ ಒಮ್ಮೆಲೇ ಬೇಡ. ಅತಿಯಾದ ನೀರು ರಕ್ತದ ಸೋಡಿಯಂ ಅಂಶವನ್ನು ಅಪಾಯಕಾರಿಯಾಗಿ ತಗ್ಗಿಸಬಲ್ಲದು. ಸಾಮಾನ್ಯ ನಡಿಗೆಗೆ ಉಪ್ಪಿನ ಮಾತ್ರೆ ಬೇಕಿಲ್ಲ, ಊಟದ ಉಪ್ಪೇ ಸಾಕು.

ವ್ಯಾಯಾಮದ ನಡುವೆ ಯಾರಾದರೂ ತೊದಲಿದರೆ, ತಡವರಿಸಿದರೆ, ಅಸಂಬದ್ಧವಾಗಿ ಮಾತನಾಡಿದರೆ ಅದನ್ನು ಬರೀ ಸುಸ್ತೆಂದು ಭಾವಿಸಬೇಡಿ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ಧಾರಾಳವಾಗಿ ತಣ್ಣೀರು ಸುರಿದು ಗಾಳಿ ಹಾಕಿ, ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಮಾಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವ ಹಿರಿಯರು ಬೇಸಿಗೆಯ ನಡಿಗೆಗೆ ಮುನ್ನ ತಮ್ಮ ವೈದ್ಯರನ್ನು ಒಮ್ಮೆ ಕೇಳುವುದು ಒಳ್ಳೆಯದು.