ಗಾಳದ ಪಂದ್ಯ ಮತ್ತು ಸರೋವರ

ಗಾಳ ಹಾಕಿ ಮೀನು ಹಿಡಿಯುವುದು ತಾಳ್ಮೆಯ ಕೆಲಸ. ನೀರಿನ ಅಂಚಿನಲ್ಲಿ ಮೌನವಾಗಿ ಕುಳಿತು ಕಾಯುವವನಿಗೆ ಹೊತ್ತಿನ ಪರಿವೆಯೇ ಇರುವುದಿಲ್ಲ. ಆದರೆ ಈ ಕೆಲಸಕ್ಕೆ ಬಹುಮಾನವೂ ಕಾಲಮಿತಿಯೂ ಸೇರಿಕೊಂಡರೆ ಅದರ ಸ್ವರೂಪವೇ ಬೇರೆಯಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಸರೋವರಗಳಲ್ಲಿ ನಡೆಯುವ ಬಾಸ್ ಮೀನಿನ ಪಂದ್ಯಗಳು ಇದಕ್ಕೆ ಉತ್ತಮ ನಿದರ್ಶನಗಳಾಗಿವೆ.

ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಗಾಳಕ್ಕೆ ಸಿಕ್ಕಾಗ ನೀರಿನಿಂದ ಮೇಲಕ್ಕೆ ಚಿಮ್ಮಿ ಸೆಣಸುವ ಅದರ ಸ್ವಭಾವವು ಗಾಳಗಾರರಿಗೆ ಅಚ್ಚುಮೆಚ್ಚು. 1967ರ ಜೂನ್ ತಿಂಗಳಲ್ಲಿ ರೇ ಸ್ಕಾಟ್ ಎಂಬ ವಿಮಾ ಪ್ರತಿನಿಧಿಯು ಅರ್ಕಾನ್ಸಾ ರಾಜ್ಯದ ಬೀವರ್ ಸರೋವರದಲ್ಲಿ ಬಾಸ್ ಹಿಡಿಯುವ ಪಂದ್ಯವೊಂದನ್ನು ಏರ್ಪಡಿಸಿದರು. ಹದಿಮೂರು ರಾಜ್ಯಗಳಿಂದ 106 ಮಂದಿ ಅದರಲ್ಲಿ ಭಾಗವಹಿಸಿದರು. ಮರುವರ್ಷ ಸ್ಕಾಟ್ ಬಾಸ್ ಗಾಳಗಾರರ ಸಂಘವೊಂದನ್ನು ಸ್ಥಾಪಿಸಿದರು. 1971ರಲ್ಲಿ ಮೀಡ್ ಸರೋವರದಲ್ಲಿ ನಡೆದ ಸಂಘದ ಮಹಾಪಂದ್ಯದ ಬಹುಮಾನ 10,000 ಡಾಲರುಗಳು. ಕ್ರಮೇಣ ಇಂತಹ ಪಂದ್ಯಗಳು ದೇಶದ ಉದ್ದಗಲಕ್ಕೂ ಹರಡಿದವು. ಸರೋವರದ ದಡದ ಸಣ್ಣ ಊರುಗಳ ಅಂಗಡಿ, ವಸತಿಗೃಹಗಳಿಗೆ ಅವು ಆದಾಯದ ಮಾರ್ಗವೂ ಆದವು.

ಈ ಪಂದ್ಯಗಳಲ್ಲಿ ಸಾಮಾನ್ಯವಾಗಿ ಮೀನಿನ ತೂಕವೇ ಗೆಲುವಿನ ಅಳತೆ. ಸ್ಪರ್ಧಿಗಳು ಹಿಡಿದ ಮೀನುಗಳಲ್ಲಿ ಅತ್ಯುತ್ತಮವಾದ ಕೆಲವನ್ನು, ಅನೇಕ ಪಂದ್ಯಗಳಲ್ಲಿ ಐದನ್ನು, ಸಂಜೆ ದಡಕ್ಕೆ ತಂದು ತೂಗಿಸಬೇಕು. ಮೊದಲ ವರ್ಷಗಳಲ್ಲಿ ಹೀಗೆ ತಂದ ಮೀನುಗಳು ಸತ್ತುಹೋಗುತ್ತಿದ್ದವು. ಇದು ಹೀಗೆಯೇ ಮುಂದುವರಿದರೆ ಮೀನೂ ಉಳಿಯದು, ಪಂದ್ಯವೂ ಉಳಿಯದು ಎಂಬುದು ಸ್ಪಷ್ಟವಾಯಿತು. ಆದುದರಿಂದ 1972ರಲ್ಲಿ ಸ್ಕಾಟ್ ಹಿಡಿದ ಮೀನನ್ನು ಕೊಲ್ಲದೆ ಮರಳಿ ನೀರಿಗೆ ಬಿಡುವ ಪದ್ಧತಿಯನ್ನು ಬಳಕೆಗೆ ತಂದರು. ದೋಣಿಯೊಳಗೆ ಗಾಳಿಯಾಡಿಸುವ ನೀರಿನ ತೊಟ್ಟಿಗಳು ಬಂದವು. ಸತ್ತ ಮೀನನ್ನು ತಂದವನ ಒಟ್ಟು ತೂಕದಲ್ಲಿ ಕಡಿತಮಾಡುವ ನಿಯಮವೂ ಬಂದಿತು.

ಆದರೆ ಬಿಟ್ಟ ಮೀನೆಲ್ಲ ಬದುಕಿತೆಂದು ಹೇಳುವಂತಿಲ್ಲ. ಬೇಸಗೆಯಲ್ಲಿ ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕವು ಕಡಿಮೆಯಾಗುತ್ತದೆ. ಇಡೀ ದಿನ ಇಕ್ಕಟ್ಟಾದ ತೊಟ್ಟಿಯಲ್ಲಿದ್ದು ಬಳಲಿದ ಮೀನು ಈಜಿಕೊಂಡು ಹೋದಂತೆ ಕಂಡರೂ ಕೆಲವು ದಿನಗಳಲ್ಲಿ ಸಾಯಬಹುದು. ಆಳದಿಂದ ಬೇಗನೆ ಮೇಲೆಳೆದ ಮೀನಿನ ಗಾಳಿಚೀಲವು ಉಬ್ಬಿ, ಅದು ಕೆಳಗಿಳಿಯಲಾರದೆ ತೇಲುತ್ತದೆ. ಎಲ್ಲ ಮೀನುಗಳನ್ನೂ ತೂಕದ ಸ್ಥಳದಲ್ಲಿಯೇ ಬಿಡುವುದರಿಂದ ಅವು ಒಂದೆಡೆ ಗುಂಪುಗೂಡುತ್ತವೆ. ದೂರದಿಂದ ತಂದವುಗಳಲ್ಲಿ ಅನೇಕವು ತಮ್ಮ ನೆಲೆಗೆ ಹಿಂದಿರುಗುವುದೇ ಇಲ್ಲ. ವಸಂತ ಋತುವಿನಲ್ಲಿ ಗಂಡು ಬಾಸ್ ದಡದ ಬಳಿಯ ಆಳವಿಲ್ಲದ ನೀರಿನಲ್ಲಿ ಗೂಡು ತೋಡಿ, ಮೊಟ್ಟೆಗಳನ್ನೂ ಮರಿಗಳನ್ನೂ ಕಾಯುತ್ತದೆ. ಆ ಕಾವಲುಗಾರನು ಗಾಳಕ್ಕೆ ಸಿಕ್ಕಿದನೆಂದರೆ, ಹೊಂಚುಹಾಕುತ್ತಿದ್ದ ಸಣ್ಣ ಮೀನುಗಳು ಸ್ವಲ್ಪ ಹೊತ್ತಿನಲ್ಲಿಯೇ ಮೊಟ್ಟೆಗಳನ್ನು ತಿಂದುಬಿಡುತ್ತವೆ. ಆತ ಸಂಜೆ ಜೀವಂತನಾಗಿ ನೀರಿಗೆ ಮರಳಿದರೂ ಕಾಯಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಸರೋವರಕ್ಕೆ ಒದಗುವ ಹಾನಿ ಮೀನಿಗೆ ಮಾತ್ರ ಸೀಮಿತವಲ್ಲ. ಇಂದು ಒಂದು ಸರೋವರದಲ್ಲಿದ್ದ ದೋಣಿ ಮುಂದಿನ ವಾರ ವಾಹನದ ಹಿಂದೆ ಗಾಡಿಯ ಮೇಲೇರಿ ನೂರಾರು ಮೈಲಿ ದೂರದ ಇನ್ನೊಂದು ಸರೋವರಕ್ಕೆ ಹೋಗುತ್ತದೆ. ಅದರೊಡನೆ ಕಳೆಯ ತುಣುಕುಗಳೂ ಸಣ್ಣ ಜೀವಿಗಳೂ ಪ್ರಯಾಣ ಮಾಡುತ್ತವೆ. ಜೀಬ್ರಾ ಮಸೆಲ್ ಎಂಬ ಪಟ್ಟೆಯುಳ್ಳ ಕಪ್ಪೆಚಿಪ್ಪು 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾಯಿತು. ಅದನ್ನು ಆ ಖಂಡಕ್ಕೆ ತಂದವು ದೂರದ ಹಡಗುಗಳು. ಒಳನಾಡಿನ ಅನೇಕ ಸರೋವರಗಳಿಗೆ ಹರಡಿದವು ವಿಹಾರದ ಮತ್ತು ಮೀನು ಹಿಡಿಯುವ ದೋಣಿಗಳು. ಅದು ನೀರಿನ ಕೊಳವೆಗಳನ್ನು ಕಟ್ಟಿಬಿಡುತ್ತದೆ. ಮರಿಮೀನುಗಳಿಗೆ ಬೇಕಾದ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ವೇಗದ ದೋಣಿಗಳು ಎಬ್ಬಿಸುವ ಅಲೆಗಳಿಂದ ದಡದ ಮಣ್ಣು ಕುಸಿದು, ತಳದ ಕೆಸರು ಕದಡುವುದೂ ಉಂಟು.

ಇನ್ನು ಮನುಷ್ಯನ ಪ್ರಾಣದ ವಿಚಾರ. ಬೆಳಗಿನ ಜಾವದಲ್ಲಿ ಪಂದ್ಯ ಆರಂಭವಾಗುತ್ತಲೇ ಒಳ್ಳೆಯ ಸ್ಥಳವನ್ನು ಮೊದಲು ಹಿಡಿಯುವ ಆತುರ ಎಲ್ಲರಿಗೂ ಇರುತ್ತದೆ. 200, 250 ಅಶ್ವಶಕ್ತಿಯ ಯಂತ್ರಗಳುಳ್ಳ ದೋಣಿಗಳು ಗಂಟೆಗೆ 60 ಮೈಲಿಗೂ ಮಿಕ್ಕಿ ಧಾವಿಸಬಲ್ಲವು. ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಯೊಂದು ತಗಲಿದರೆ ಚಾಲಕನು ಹೊರಕ್ಕೆ ಎಸೆಯಲ್ಪಡುತ್ತಾನೆ. ಆಗ ಚಾಲಕನಿಲ್ಲದ ದೋಣಿಯು ನಿಲ್ಲದೆ ವೃತ್ತಾಕಾರವಾಗಿ ಸುತ್ತಿಬಂದು, ಈಜುತ್ತಿರುವ ಅವನ ಮೇಲೆಯೇ ಹರಿಯಬಹುದು. ಈ ಅಪಾಯಕ್ಕೆ ಪರಿಹಾರ ಒಂದು ಚಿಕ್ಕ ಹುರಿ. ಅದರ ಒಂದು ತುದಿ ಚಾಲಕನ ಮೈಗೂ ಇನ್ನೊಂದು ತುದಿ ಯಂತ್ರದ ಗುಂಡಿಗೂ ಸೇರಿರುತ್ತದೆ. ಚಾಲಕನು ಬಿದ್ದೊಡನೆ ಹುರಿ ಕಳಚಿ ಯಂತ್ರ ನಿಲ್ಲುತ್ತದೆ. ಸ್ಕಾಟ್ ತಮ್ಮ ಪಂದ್ಯಗಳಲ್ಲಿ ಈ ಸಾಧನವನ್ನೂ ಜೀವರಕ್ಷಕ ಅಂಗಿಯನ್ನೂ ಕಡ್ಡಾಯಮಾಡಿದರು. ದೇಶದ ಕಾನೂನು ಅದನ್ನು ಅನುಸರಿಸಲು ಬಹುಕಾಲ ಬೇಕಾಯಿತು. 26 ಅಡಿಗಿಂತ ಚಿಕ್ಕದಾದ, ಈ ಸಾಧನವುಳ್ಳ ಮೋಟಾರು ದೋಣಿಯನ್ನು ವೇಗವಾಗಿ ನಡೆಸುವವನು ಹುರಿಯನ್ನು ಧರಿಸಲೇಬೇಕೆಂಬ ನಿಯಮ 2021ರ ಏಪ್ರಿಲ್ 1ರಂದು ಜಾರಿಗೆ ಬಂದಿತು. 2022ರಲ್ಲಿ ಆ ದೇಶದಲ್ಲಿ ಎಲ್ಲ ಬಗೆಯ ವಿಹಾರದೋಣಿಗಳ ಅಪಘಾತಗಳಿಂದ 636 ಮಂದಿ ಮಡಿದರು. ಅವರಲ್ಲಿ ಮುಕ್ಕಾಲು ಪಾಲು ಜನ ಸತ್ತದ್ದು ನೀರಿನಲ್ಲಿ ಮುಳುಗಿ. ಹಾಗೆ ಮುಳುಗಿದವರಲ್ಲಿ ನೂರಕ್ಕೆ ಸುಮಾರು 85 ಮಂದಿ ಜೀವರಕ್ಷಕ ಅಂಗಿಯನ್ನು ತೊಟ್ಟಿರಲಿಲ್ಲ.

ಹಾಗಾದರೆ ಇಂತಹ ಪಂದ್ಯಗಳು ಬೇಡವೆ? ಹಾಗೆಂದು ಒಂದೇ ಮಾತಿನಲ್ಲಿ ತೀರ್ಮಾನಿಸುವುದು ನ್ಯಾಯವಲ್ಲ. 1970ರ ಸುಮಾರಿನಲ್ಲಿ, ನದಿಗಳಿಗೆ ಕೊಳೆ ಬಿಡುತ್ತಿದ್ದ ಕಾರ್ಖಾನೆಗಳ ಮೇಲೆ ಮೊಕದ್ದಮೆ ಹೂಡಿದವರು ಇದೇ ಗಾಳಗಾರರು. ಮೀನನ್ನು ಪ್ರೀತಿಸುವವನು ನೀರನ್ನು ಕಾಯದೆ ಇರಲಾರ. ಪಂದ್ಯದ ನಿಯಮಗಳೂ ಸುಧಾರಿಸುತ್ತಿವೆ. ಕೆಲವು ಪಂದ್ಯಗಳಲ್ಲಿ ಮೀನನ್ನು ದೋಣಿಯಲ್ಲಿಯೇ ತೂಗಿ, ಹಿಡಿದ ಸ್ಥಳದಲ್ಲಿ ಕೂಡಲೇ ಬಿಡುತ್ತಾರೆ. ದೋಣಿಯನ್ನು ತೊಳೆದು, ನೀರು ಬಸಿದು, ಒಣಗಿಸಿದ ಮೇಲೆಯೇ ಬೇರೆ ಸರೋವರಕ್ಕೆ ಇಳಿಸಬೇಕೆಂದು ತಿಳಿಯಹೇಳುತ್ತಾರೆ. ದೋಣಿಗಳನ್ನು ಒಟ್ಟಿಗೆ ಬಿಡದೆ ಸರದಿಯಂತೆ ಬಿಡುತ್ತಾರೆ. ಇವೆಲ್ಲವೂ ಸ್ಪರ್ಧಿಯಿಂದ ಕೊಂಚ ಸಮಯವನ್ನೂ ಕೊಂಚ ಸಂಯಮವನ್ನೂ ಬೇಡುತ್ತವೆ. ಗಾಳ ಹಿಡಿದವನಿಗೆ ತಾಳ್ಮೆ ಹೊಸದೇನಲ್ಲ. ಬಹುಮಾನದ ಆಸೆಯಲ್ಲಿ ಮರೆತ ಆ ಗುಣವನ್ನು ಮರಳಿ ನೆನಪಿಗೆ ತಂದುಕೊಂಡರೆ ಮೀನೂ ಉಳಿಯುತ್ತದೆ, ಮನುಷ್ಯನೂ ಕ್ಷೇಮವಾಗಿ ದಡ ಸೇರುತ್ತಾನೆ.