ಸೊಸೆಗೂ ವೀಸಾ ಬೇಕೆ?

"ನಮ್ಮ ಮನಿ ಸೊಸಿ ನಮ್ಮ ಮನಿಗಿ ಬರ್ಲಾಕ ಸರ್ಕಾರದ ಚೀಟಿ ಯಾಕ ಬೇಕು?" ಹೊರದೇಶದ ಹೆಣ್ಣನ್ನು ಕೈಹಿಡಿದ ಮಗನನ್ನು ತಾಯಿ ಹೀಗೆ ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ತಾಳಿಯೋ ಉಂಗುರವೋ ಬಿದ್ದ ದಿನವೇ ಸೊಸೆ ಮನೆಯವಳಾದಳು ಎಂಬುದು ನಮ್ಮ ಲೆಕ್ಕ. ಸರ್ಕಾರದ ಲೆಕ್ಕ ಬೇರೆ. ಮದುವೆಯಿಂದ ಸಂಬಂಧ ಹುಟ್ಟುತ್ತದೆ, ಪೌರತ್ವ ಹುಟ್ಟುವುದಿಲ್ಲ. ವೀಸಾವೂ ತಾನಾಗಿ ಬರುವುದಿಲ್ಲ.

ಪ್ರಿಯ ಓದುಗರೇ, ಒಂದು ಕುಟುಂಬವನ್ನು ಕಣ್ಮುಂದೆ ತಂದುಕೊಳ್ಳೋಣ. ತಂದೆತಾಯಿ ಬಸವಕಲ್ಯಾಣದಲ್ಲಿ, ಅಕ್ಕ ಭಾವ ಹುಮನಾಬಾದಿನಲ್ಲಿ. ಮಗ ಕೊಲ್ಲಿ ದೇಶವೊಂದರ ಆಸ್ಪತ್ರೆಯಲ್ಲಿ ನರ್ಸ್. ಜೊತೆಗೆ ಕೆಲಸ ಮಾಡುವ ಫಿಲಿಪ್ಪೀನ್ಸ್ ದೇಶದ ಹುಡುಗಿಯೊಡನೆ ಅಲ್ಲಿಯ ದೇವಾಲಯದಲ್ಲೇ ಅವನ ಮದುವೆಯಾಗಿದೆ. ಒಂದು ದಿನ ಫೋನ್ ಬರುತ್ತದೆ: ತಂದೆಗೆ ಪಾರ್ಶ್ವವಾಯು. ಮಗ ಅದೇ ರಾತ್ರಿ ವಿಮಾನ ಹತ್ತಬಲ್ಲ. ಸೊಸೆ ಹತ್ತಲಾರಳು. ಅವಳ ಬಳಿ ವೀಸಾ ಇಲ್ಲ, ಮದುವೆಯ ಸರ್ಕಾರಿ ಪತ್ರವೂ ಇಲ್ಲ. ಇಂಥ ರಾತ್ರಿ ಬರುವ ಮೊದಲೇ ತಿಳಿದಿರಬೇಕಾದ ಪಾಠವಿದು.

ಮೊದಲ ಪ್ರಶ್ನೆ: ಭೇಟಿಯೋ, ಬಾಳುವೆಯೋ?

ಅರ್ಜಿ ತುಂಬುವ ಮೊದಲು ಗಂಡಹೆಂಡಿರು ಕುಳಿತು ಒಂದು ಮಾತು ಇತ್ಯರ್ಥ ಮಾಡಿಕೊಳ್ಳಬೇಕು. ನಾವು ಕೆಲವು ವಾರ ನೋಡಿ ಬರಲು ಹೋಗುತ್ತಿದ್ದೇವೆಯೋ, ಅಲ್ಲೇ ಇರಲು ಹೋಗುತ್ತಿದ್ದೇವೆಯೋ? ಎರಡಕ್ಕೂ ಬೇರೆ ಬೇರೆ ದಾರಿಗಳಿವೆ. ಒಂದರ ಹೆಸರು ಹೇಳಿ ಇನ್ನೊಂದರಲ್ಲಿ ನಡೆದವರೇ ಹೆಚ್ಚಾಗಿ ತೊಂದರೆಗೆ ಸಿಲುಕುವವರು.

ಭಾರತಕ್ಕೆ ಬರುವ ಸೊಸೆ ಅಥವಾ ಅಳಿಯನಿಗೆ ಮೂರು ಮುಖ್ಯ ದಾರಿಗಳಿವೆ.

1. ಇ-ಪ್ರವಾಸಿ ವೀಸಾ. ಬಂಧುಗಳನ್ನು ಕಾಣಲು ಬರುವವರಿಗೂ ಇದು ಸಲ್ಲುತ್ತದೆ. 30 ದಿನ, 1 ವರ್ಷ, 5 ವರ್ಷ ಎಂಬ ಮೂರು ಅವಧಿಗಳಲ್ಲಿ ಸಿಗುತ್ತದೆ. ಅರ್ಜಿಯನ್ನು ಕಂಪ್ಯೂಟರ್ ಮೂಲಕವೇ ಹಾಕಬಹುದು. ಆದರೆ 5 ವರ್ಷದ ವೀಸಾ ಎಂದರೆ 5 ವರ್ಷ ಇಲ್ಲೇ ಇರಬಹುದೆಂದಲ್ಲ. ಹೆಚ್ಚಿನ ದೇಶಗಳವರು ಒಮ್ಮೆ ಬಂದರೆ 90 ದಿನ ಇರಬಹುದು; ಅಮೆರಿಕ, ಬ್ರಿಟನ್, ಕೆನಡಾ, ಜಪಾನ್ ನಾಗರಿಕರಿಗೆ 180 ದಿನ. ವಿಮಾನದಲ್ಲಿ ಬರುವ ಇ-ವೀಸಾದವರು ನಿಗದಿತ ನಿಲ್ದಾಣಗಳಲ್ಲೇ ಇಳಿಯಬೇಕು. ನಮಗೆ ಹತ್ತಿರದ ಹೈದರಾಬಾದ್ ಆ ಪಟ್ಟಿಯಲ್ಲಿದೆ. ಅಲ್ಲಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದರೆ ಹುಮನಾಬಾದ್ ಸಿಗುತ್ತದೆ.

2. ಪ್ರವೇಶ ವೀಸಾ. ಇದನ್ನು 'ಎಕ್ಸ್' ವೀಸಾ ಎನ್ನುತ್ತಾರೆ. ಭಾರತೀಯ ನಾಗರಿಕರ ವಿದೇಶಿ ಪತಿ ಅಥವಾ ಪತ್ನಿಗೆ ಇರುವ ವೀಸಾ ಇದೇ. ಭಾರತೀಯ ರಾಯಭಾರ ಕಚೇರಿಯಲ್ಲಿ ಅರ್ಜಿ ಹಾಕಬೇಕು, ಮದುವೆಯ ಪತ್ರ ತೋರಿಸಬೇಕು. 5 ವರ್ಷದವರೆಗೆ, ಹಲವು ಬಾರಿ ಬಂದುಹೋಗುವಂತೆ ಕೊಡುವುದುಂಟು. ಹಾಸಿಗೆ ಹಿಡಿದ ಮಾವನನ್ನು ತಿಂಗಳುಗಟ್ಟಲೆ ನೋಡಿಕೊಳ್ಳಲು ಬರುವ ಸೊಸೆಗೆ ಇದೇ ಸರಿಯಾದ ದಾರಿ.

3. ಓ.ಸಿ.ಐ. ಕಾರ್ಡು. ಮದುವೆ ನೋಂದಣಿಯಾಗಿ, ಅರ್ಜಿಗೆ ಹಿಂದಿನ 2 ವರ್ಷ ಸತತವಾಗಿ ಊರ್ಜಿತದಲ್ಲಿದ್ದರೆ ವಿದೇಶಿ ಸಂಗಾತಿ ಇದನ್ನು ಕೇಳಬಹುದು. ಮೊದಲು ಭದ್ರತಾ ಪರಿಶೀಲನೆ ನಡೆಯುತ್ತದೆ. ಕಾರ್ಡು ಸಿಕ್ಕವರು ಮತ್ತೆ ಮತ್ತೆ ವೀಸಾ ಕೇಳಬೇಕಿಲ್ಲ. ಆದರೆ ಇದು ಪೌರತ್ವವಲ್ಲ. ಮತ ಹಾಕುವಂತಿಲ್ಲ, ಹೊಲ ಕೊಳ್ಳುವಂತಿಲ್ಲ. ಧರ್ಮಪ್ರಚಾರದ ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಕು. ವಿಚ್ಛೇದನವಾದರೆ ಕಾರ್ಡು ರದ್ದಾಗಬಹುದು. ಭಾರತದ ಪೌರತ್ವವೇ ಬೇಕೆಂದರೆ, ಮದುವೆಯಾದವರು 7 ವರ್ಷ ಇಲ್ಲಿ ವಾಸವಿದ್ದು ಅರ್ಜಿ ಹಾಕಬೇಕು. ಆಗ ಹಳೆಯ ದೇಶದ ಪೌರತ್ವ ಬಿಡಬೇಕಾಗುತ್ತದೆ.

ಚರ್ಚಿನ ಪತ್ರ ಸಾಕೇ?

ನಮ್ಮವರು ಎಡವುವುದು ಇಲ್ಲಿಯೇ. ವಿವಾಹ ಸಂಸ್ಕಾರ ನಡೆದ ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ ಹೆಸರು ಬರೆದಾಗಿದೆ, ಗುರುಗಳು ಮೊಹರು ಹಾಕಿ ಪತ್ರ ಕೊಟ್ಟಿದ್ದಾರೆ, ಇನ್ನೇನು ಬೇಕು ಎಂದುಕೊಳ್ಳುತ್ತೇವೆ. ಧರ್ಮಸಭೆಯ ಮುಂದೆ ಆ ಮದುವೆ ಪೂರ್ಣ. ವೀಸಾ ಅಧಿಕಾರಿ ಕೇಳುವುದು ಸರ್ಕಾರದ ನೋಂದಣಿ ಪತ್ರವನ್ನು. ಹೊರದೇಶದಲ್ಲಿ ಮದುವೆಯಾಗುವ ಭಾರತೀಯರಿಗಾಗಿ 1969ರ ವಿದೇಶಿ ವಿವಾಹ ಕಾಯಿದೆ ಇದೆ. ಅಲ್ಲಿಯ ಕಾನೂನಿನಂತೆ ನಡೆದ ಮದುವೆಯನ್ನು ಭಾರತದ ವಿವಾಹಾಧಿಕಾರಿಯ ಬಳಿ ನೋಂದಾಯಿಸಲು ಅದರ 17ನೇ ಕಲಂ ಅವಕಾಶ ಕೊಡುತ್ತದೆ.

ಒಂದು ದೇಶದ ಪತ್ರವನ್ನು ಇನ್ನೊಂದು ದೇಶ ಒಪ್ಪಲು ದೃಢೀಕರಣ ಬೇಕು. ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ 'ಅಪೋಸ್ಟಿಲ್' ಎಂಬ ಒಂದು ಮುದ್ರೆ ಸಾಕು. ಭಾರತದಲ್ಲಿ ಇದು 2005ರಿಂದ ಜಾರಿಯಲ್ಲಿದೆ, ಫಿಲಿಪ್ಪೀನ್ಸಿನಲ್ಲಿ 2019ರಿಂದ. ಒಪ್ಪಂದಕ್ಕೆ ಸೇರದ ದೇಶದ ಕಾಗದವಾದರೆ ರಾಯಭಾರ ಕಚೇರಿಯ ಮೊಹರು ಬೇಕಾಗುತ್ತದೆ. ಎರಡು ಪಾಸ್‌ಪೋರ್ಟ್‌ಗಳಲ್ಲೂ ಮದುವೆಯ ಪತ್ರದಲ್ಲೂ ಹೆಸರಿನ ಅಕ್ಷರ ಒಂದೇ ಆಗಿರಲಿ. ಒಂದಕ್ಷರದ ವ್ಯತ್ಯಾಸಕ್ಕೆ ತಿಂಗಳುಗಟ್ಟಲೆ ಅಲೆಯಬೇಕಾದೀತು.

ಸೊಸೆ ಮನೆಗೆ ಬಂದ ಮೇಲೆ

ಹೊರದೇಶದವರನ್ನು ಮನೆಯಲ್ಲಿ ಇಳಿಸಿಕೊಂಡವರು 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಇದು ಹೋಟೆಲಿನವರಿಗೆ ಮಾತ್ರ ಎಂದು ತಿಳಿಯಬೇಡಿ, ಅತ್ತೆಮಾವಂದಿರಿಗೂ ಅನ್ವಯಿಸುತ್ತದೆ. 180 ದಿನಕ್ಕಿಂತ ಹೆಚ್ಚು ಕಾಲ ಇರಲು ಬಂದವರು 14 ದಿನದೊಳಗೆ ಹೆಸರು ನೋಂದಾಯಿಸಬೇಕು. ಇದಕ್ಕಾಗಿ ಸರ್ಕಾರದ ಅಂತರ್ಜಾಲ ವ್ಯವಸ್ಥೆ ಇದೆ. ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿ ಈ ಕೆಲಸ ನೋಡುತ್ತದೆ. ವೀಸಾ ಮುಗಿದ ಮೇಲೂ ಉಳಿದರೆ ದಂಡ ಬೀಳುತ್ತದೆ, ದೇಶ ಬಿಡಲು ಅನುಮತಿ ಬೇಕಾಗುತ್ತದೆ, ಮುಂದೆ ಬರುವುದಕ್ಕೂ ತಡೆಯಾಗಬಹುದು. 2025ರ ಸೆಪ್ಟೆಂಬರ್ 1ರಿಂದ ಹಳೆಯ ಕಾಯಿದೆಗಳ ಬದಲಿಗೆ ವಲಸೆ ಮತ್ತು ವಿದೇಶಿಯರ ಹೊಸ ಕಾಯಿದೆ ಜಾರಿಗೆ ಬಂದಿದೆ. ಆದ್ದರಿಂದ ಹಿಂದೆ ಬಂದುಹೋದವರ ಅನುಭವವನ್ನೇ ನಂಬದೆ, ಪ್ರತಿ ಸಲವೂ ನಿಯಮ ನೋಡಿಯೇ ಹೊರಡಿ.

ಮಗು ಹೊರದೇಶದಲ್ಲಿ ಹುಟ್ಟಿ, ಅದನ್ನು ಭಾರತೀಯ ಪ್ರಜೆಯಾಗಿಯೇ ಬೆಳೆಸುವ ಮನಸ್ಸಿದ್ದರೆ 1 ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು.

ನಮ್ಮವರು ಬೀಗರ ದೇಶಕ್ಕೆ ಹೋಗುವಾಗ

ಈಗ ದಾರಿಯನ್ನು ತಿರುಗಿಸಿ ನೋಡೋಣ. ಹುಮನಾಬಾದಿನ ಮಗಳು ಅಮೆರಿಕದ ಪ್ರಜೆಯನ್ನು ಮದುವೆಯಾಗಿದ್ದಾಳೆ. ಅತ್ತೆಮಾವಂದಿರನ್ನು ನೋಡಿ ಬರಲು ಬಿ-2 ವೀಸಾ ಇದೆ. ಆದರೆ ಮರಳಿ ಬರುವವಳೆಂದು ಅಧಿಕಾರಿಗೆ ಮನವರಿಕೆ ಮಾಡುವ ಹೊಣೆ ಅವಳದು. ಗಂಡ ಅಲ್ಲಿಯವನಾದ್ದರಿಂದ ಆ ಹೊಣೆ ಇನ್ನೂ ಭಾರವಾಗುತ್ತದೆ. ಇಲ್ಲಿಯ ಕೆಲಸ, ಓದು, ಮನೆಯ ಜವಾಬ್ದಾರಿಯ ದಾಖಲೆಗಳು ಆಗ ನೆರವಾಗುತ್ತವೆ. ಅಲ್ಲೇ ಬಾಳುವುದಾದರೆ ಗಂಡ ಐ-130 ಅರ್ಜಿ ಹಾಕಿ ವಲಸೆ ವೀಸಾ ಮಾಡಿಸಬೇಕು. ಅದಕ್ಕೆ ಕಾಯಬೇಕಾಗುತ್ತದೆ, ನಿಜ.

ಬ್ರಿಟನ್ನಿನ ಸಂದರ್ಶಕ ವೀಸಾದಲ್ಲಿ ಸಾಮಾನ್ಯವಾಗಿ 6 ತಿಂಗಳವರೆಗೆ ಇರಬಹುದು. ಪದೇ ಪದೇ ಹೋಗಿ ಅಲ್ಲೇ ಸಂಸಾರ ಹೂಡುವಂತಿಲ್ಲ. ಸಂಗಾತಿಯಾಗಿ ನೆಲೆಸಲು ಬೇರೆ ವೀಸಾ ಬೇಕು. 2024ರ ಏಪ್ರಿಲಿನಲ್ಲಿ ಅದರ ಆದಾಯದ ಮಿತಿ ವರ್ಷಕ್ಕೆ 29,000 ಪೌಂಡಿಗೆ ಏರಿತು. ಯುರೋಪಿನ ಷೆಂಗೆನ್ ದೇಶಗಳಲ್ಲಿ ಭೇಟಿಗೆ ಯಾವುದೇ 180 ದಿನಗಳಲ್ಲಿ 90 ದಿನ.

"ವಿಸಿಟ್ ವೀಸಾದ ಮ್ಯಾಲ ಹೋಗ್ರಿ, ಮುಂದ ನೋಡ್ಕೊಂಡ್ರಾಯ್ತು" ಎನ್ನುವ ಏಜೆಂಟರಿದ್ದಾರೆ. ಅವರ ಮಾತಿಗೆ ಕಿವಿಗೊಡಬೇಡಿ. ಅಮೆರಿಕದ ಅಧಿಕಾರಿಯ ಮುಂದೆ ಬೇಕೆಂದೇ ಸುಳ್ಳು ಹೇಳಿದ್ದು ಸಾಬೀತಾದರೆ ಆ ದೇಶದ ಬಾಗಿಲು ಜೀವಮಾನವಿಡೀ ಮುಚ್ಚಬಹುದು. ಏಜೆಂಟನು ತನ್ನ ಹಣ ಪಡೆದು ಹೋಗುತ್ತಾನೆ. ಗಂಡ ಒಂದು ಖಂಡದಲ್ಲಿ, ಹೆಂಡತಿ ಇನ್ನೊಂದು ಖಂಡದಲ್ಲಿ ಉಳಿಯುತ್ತಾರೆ.

ಕಾಗದದ ಬೆಲೆ

ಕಾಗದದ ಬೆಲೆಯನ್ನು ನಮ್ಮ ಸೀಮೆ ಚೆನ್ನಾಗಿ ಬಲ್ಲದು. 1956ರ ನವೆಂಬರ್ 1ರವರೆಗೆ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ದೇಶವಿಭಜನೆಯ ಬಳಿಕ ಆ ರಾಜ್ಯದ ಎಷ್ಟೋ ಮುಸ್ಲಿಂ ಕುಟುಂಬಗಳು ಭಾರತ ಪಾಕಿಸ್ತಾನಗಳ ನಡುವೆ ಹಂಚಿಹೋದವು. ಪಾಕಿಸ್ತಾನಿ ಸೊಸೆಯಂದಿರಿಗೆ ಓ.ಸಿ.ಐ. ಸಿಗುವುದಿಲ್ಲ, ಅವರಿಗಿರುವುದು ದೀರ್ಘಾವಧಿ ವೀಸಾ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರ ದಾಳಿ ನಡೆದ ಮೇಲೆ ಪಾಕಿಸ್ತಾನದವರ ಅಲ್ಪಾವಧಿ ವೀಸಾಗಳು ರದ್ದಾದವು. ಅಂಥ ವೀಸಾದ ಮೇಲೆ ಬಂದವರು ಕೆಲವೇ ದಿನಗಳಲ್ಲಿ ದೇಶ ಬಿಡಬೇಕಾಯಿತು. ದೀರ್ಘಾವಧಿ ವೀಸಾ ಇದ್ದವರಿಗೆ ವಿನಾಯಿತಿ ದೊರೆಯಿತು. ಒಂದೇ ಬಗೆಯ ಸಂಬಂಧ, ಒಂದೇ ಬಗೆಯ ಮನೆ. ಉಳಿಯುವುದನ್ನೂ ಹೊರಡುವುದನ್ನೂ ನಿರ್ಧರಿಸಿದ್ದು ಕೈಯಲ್ಲಿದ್ದ ಕಾಗದ.

ಬಸವಕಲ್ಯಾಣದ ಆ ತಂದೆಯ ಬಳಿಗೆ ಮರಳೋಣ. ಮದುವೆಯಾದ ವಾರವೇ ನೋಂದಣಿ ಮಾಡಿಸಿ, ಪ್ರವೇಶ ವೀಸಾ ಪಡೆದಿಟ್ಟಿದ್ದರೆ ಸೊಸೆಯೂ ಗಂಡನೊಡನೆ ಅದೇ ವಿಮಾನದಲ್ಲಿ ಬರುತ್ತಿದ್ದಳು. ನರ್ಸ್ ಆದ ಅವಳ ಕೈಯ ಆರೈಕೆ ಮಾವನಿಗೆ ಆ ಹೊತ್ತಿನಲ್ಲಿ ಎಷ್ಟು ಬೇಕಿತ್ತು! ಕಷ್ಟ ಬಂದಾಗ ಕಾಗದ ಹುಡುಕುವುದಲ್ಲ. ಸುಖದ ದಿನಗಳಲ್ಲೇ ಅದನ್ನು ಮಾಡಿಸಿ ಟ್ರಂಕಿನಲ್ಲಿಡಬೇಕು.

ಮನೆಮಂದಿ ಕೂಡಿ ಮಾತಾಡಲು:

1. ನಮ್ಮ ಮನೆಯಲ್ಲಿ ಹೊರದೇಶದ ಸೊಸೆ ಅಥವಾ ಅಳಿಯ ಇದ್ದರೆ, ಅವರ ಮದುವೆ ಸರ್ಕಾರದಲ್ಲಿ ನೋಂದಣಿಯಾಗಿದೆಯೇ?
2. ಅವರ ಪಾಸ್‌ಪೋರ್ಟ್ ಮತ್ತು ವೀಸಾ ಮುಗಿಯುವ ದಿನ ನಮಗೆ ಗೊತ್ತೇ?
3. ಮುಂದಿನ ಪ್ರಯಾಣ ಭೇಟಿಗಾಗಿಯೋ, ಬಾಳುವೆಗಾಗಿಯೋ? ಗಂಡಹೆಂಡಿರಿಬ್ಬರ ಉತ್ತರವೂ ಒಂದೇ ಆಗಿದೆಯೇ?