ವಸಡಿನಾಗ ರಕ್ತ, ಇಳಿಯದ ಸಕ್ಕರಿ

ಪ್ರಶ್ನೆ: ನನಗ 54 ವರ್ಷ, ಟಿಕೋಟಾ ಹತ್ರ ದ್ರಾಕ್ಷಿ ತೋಟ ಐತಿ. ಸಕ್ಕರಿ ಬ್ಯಾನಿಗೆ ಗುಳಿಗಿ ತಪ್ಪಿಸಂಗಿಲ್ಲ, ಆದ್ರೂ ಮೂರು ತಿಂಗಳ ಸರಾಸರಿ 9ರ ಕೆಳಗ ಇಳಿವಲ್ದು. ಹಲ್ಲು ತಿಕ್ಕಿದ್ರ ರಕ್ತ ಬರತೈತಿ, ಕೆಳಗಿನ ಎರಡು ಹಲ್ಲು ಅಳ್ಳಾಡತಾವ. ಕ್ಲೀನ್ ಮಾಡಿಸಿದ್ರ ಎಲ್ಲಾ ಹಲ್ಲೂ ಸಡಲ ಆಗ್ತಾವ ಅಂತಾರ. ಏನ್ ಮಾಡ್ಲಿ?

ಉತ್ತರ: ಗುಳಿಗೆ ತಪ್ಪಿಸದೆ ನುಂಗುತ್ತಿದ್ದೀರಿ, ಒಳ್ಳೆಯದು. ಇನ್ನು ಬಾಯಿಯ ಕಡೆ ನೋಡೋಣ. ರಕ್ತದಲ್ಲಿ ಸಕ್ಕರೆ ಏರಿದಾಗ ಸೋಂಕಿನೊಂದಿಗೆ ಹೋರಾಡುವ ಬಿಳಿ ರಕ್ತಕಣಗಳು ಸೋಲುತ್ತವೆ, ವಸಡು ಬೇಗ ಮಾಯುವುದಿಲ್ಲ. ಬಾತ ವಸಡಿನಿಂದ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರಿ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಹೀಗಾಗಿ ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತದೆ. ವಸಡಿನ ಒಳಗಿನವರೆಗೂ ಶುಚಿ ಮಾಡಿಸಿಕೊಂಡ ಸಕ್ಕರೆ ಕಾಯಿಲೆಯವರ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, ಸುಮಾರು 0.4ರಷ್ಟು ಇಳಿಯುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಗುಳಿಗೆ ಬಿಡುವಷ್ಟು ಇಳಿತ ಅಲ್ಲ ಇದು, ಆದರೆ ಗುಳಿಗೆಗೆ ಒಳ್ಳೆಯ ಆಸರೆ.

ಹಲ್ಲು ಸಡಿಲಾಗುವ ಭಯ ನಮ್ಮ ಭಾಗದಲ್ಲಿ ಬಹಳ ಜನರಿಗಿದೆ. ವಸಡಿನ ಕೆಳಗೆ ಪಾಚಿ ಕಲ್ಲಾಗಿ ಕೂತು, ಒಳಗೆ ಎಲುಬು ಸವೆದಿದ್ದರೂ ಹಲ್ಲನ್ನು ಹಿಡಿದು ನಿಲ್ಲಿಸಿರುತ್ತದೆ. ಅದನ್ನು ತೆಗೆದಾಗ ಮೊದಲೇ ಆಗಿದ್ದ ಸಡಿಲು ಕಣ್ಣಿಗೆ ಬೀಳುತ್ತದೆ, ಅಷ್ಟೇ. ಕೆಲವು ದಿನ ತಣ್ಣೀರು ಕುಡಿದರೆ ಜುಂ ಎನ್ನಬಹುದು. ಆಮೇಲೆ ವಸಡು ಬಿಗಿಯುತ್ತದೆ.

ರಕ್ತ ಬರುತ್ತದೆಂದು ಹಲ್ಲು ತಿಕ್ಕುವುದನ್ನು ಬಿಡಬೇಡಿ. ಹ್ಯಾರಲ್ಡ್ ಲೋ ಎಂಬ ದಂತತಜ್ಞರು 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತರು ಹಲ್ಲು ಶುಚಿ ಮಾಡುವುದನ್ನು ನಿಲ್ಲಿಸಿದರು. ಮೂರು ವಾರದೊಳಗೆ ಎಲ್ಲರ ವಸಡೂ ಬಾತವು. ಮತ್ತೆ ತಿಕ್ಕಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋದವು. ನಿಮ್ಮದು ಅದಕ್ಕಿಂತ ಮುಂದೆ ಹೋಗಿದೆ, ಬರೀ ಬ್ರಷ್ ಸಾಲದು. ಅಥಣಿ ರಸ್ತೆ ಹಿಡಿದು ವಿಜಯಪುರದ ಅಲ್‌-ಅಮೀನ್ ದಂತ ಕಾಲೇಜಿಗೆ ಬಂದು ವಸಡಿನ ವಿಭಾಗ ಕೇಳಿ. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿ ಮುಗಿಯಲಿ ಎಂದು ಕಾಯಬೇಡಿ. ಬೆಳಗ್ಗೆ ನಾಷ್ಟಾ ಮಾಡಿ, ಗುಳಿಗೆ ತೆಗೆದುಕೊಂಡೇ ಹೊರಡಿ.

ಪ್ರಶ್ನೆ: ನಮ್ಮದು ಬಬಲೇಶ್ವರ. ಮಗಳು ಐದು ತಿಂಗಳ ಬಸರಿ, ವಸಡು ಉಬ್ಬಿ ರಕ್ತ ಬರತೈತಿ. ಮಶೇರಿ ಹಚ್ಚು, ನಿಲ್ಲತೈತಿ ಅಂತ ಅಕಿ ಅತ್ತಿ ಹೇಳ್ತಾರ. ಈಗ ಹಲ್ಲಿನ ಡಾಕ್ಟರ್ ಕಡೆ ಹೋಗಬಹುದೇನ್ರಿ?

ಉತ್ತರ: ಖಂಡಿತ ಹೋಗಿ ತಾಯಿ. ಹಲ್ಲಿನ ಚಿಕಿತ್ಸೆಗೆ ನಾಲ್ಕರಿಂದ ಆರನೇ ತಿಂಗಳೇ ಅನುಕೂಲದ ಕಾಲ. ಬಸಿರಿನಲ್ಲಿ ಹಾರ್ಮೋನು ಏರುವುದರಿಂದ ಸ್ವಲ್ಪ ಪಾಚಿಗೂ ವಸಡು ಬಾಯುತ್ತದೆ. ಶುಚಿ ಮಾಡಿಸಿದರೆ ಇಳಿಯುತ್ತದೆ.

ಮಶೇರಿ ಮಾತ್ರ ಬೇಡವೇ ಬೇಡ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿ, ಬೆರಳಿಂದ ವಸಡಿಗೆ ತಿಕ್ಕಿ, ಉಗುಳದೆ ಕೂತುಬಿಡುವ ಹೆಣ್ಣುಮಕ್ಕಳನ್ನು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕಾಣುತ್ತೇವೆ. ರಕ್ತ ನಿಂತಂತೆ ಕಾಣುವುದು ನಿಕೋಟಿನ್ ರಕ್ತನಾಳಗಳನ್ನು ಬಿಗಿದಿರುವುದಕ್ಕೆ. ರೋಗ ಒಳಗೇ ಬೆಳೆಯುತ್ತದೆ. ಅದೇ ನಿಕೋಟಿನ್ ಕೂಸಿನ ರಕ್ತಕ್ಕೂ ಇಳಿಯುತ್ತದೆ. ತಂಬಾಕು ಬಳಸುವ ತಾಯಂದಿರ ಕೂಸು ತೂಕ ಕಡಿಮೆ ಹುಟ್ಟುವ, ದಿನ ತುಂಬುವ ಮೊದಲೇ ಹುಟ್ಟುವ ಅಪಾಯ ಹೆಚ್ಚು. ಇದನ್ನು ಅತ್ತೆಯವರಿಗೂ ಓದಿ ಹೇಳಿ. ಅವರೂ ಮಶೇರಿ ಹಚ್ಚುತ್ತಿದ್ದರೆ ಅವರ ಬಾಯನ್ನೂ ಅದೇ ದಿನ ತೋರಿಸಿ.

ಪ್ರಶ್ನೆ: ವಿಜಯಪುರ ನಗರದವನು, ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ವಸಡಿನಿಂದಲೇ ಹೃದಯ ಕೆಟ್ಟಿತೇ?

ಉತ್ತರ: ವಸಡಿನ ರೋಗ ಇರುವವರಲ್ಲಿ ಹೃದ್ರೋಗ ಹೆಚ್ಚಾಗಿ ಕಾಣುವುದು ನಿಜ. ತಂಬಾಕು, ಸಕ್ಕರೆ ಎರಡಕ್ಕೂ ಮೂಲ. ವಸಡೇ ಕಾರಣ ಎಂದು ಸಾಬೀತಾಗಿಲ್ಲ. ಶುಚಿ ಮಾಡಿಸಲು ಹೋಗುವಾಗ ರಕ್ತ ತೆಳುವಾಗಿಸುವ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಸ್ಟೆಂಟ್ ಮುಚ್ಚಿಹೋದೀತು. ಬಿಪಿಗೆ ಆಮ್ಲೋಡಿಪಿನ್ ನುಂಗುತ್ತಿದ್ದರೆ ಅದರಿಂದಲೂ ಕೆಲವರ ವಸಡು ಉಬ್ಬುತ್ತದೆ. ಗುಳಿಗೆಗಳ ಚೀಟಿ ದಂತವೈದ್ಯರಿಗೆ ತೋರಿಸಿ.